ಹೆಡ್‌ಫೋನ್ ಕಿಂಡಿ ಇಲ್ಲದ ಪೆಟ್ಟಿಗೆ

ಕೆಂಪಗಾಗುತ್ತಿದೆ, ಮೆಲ್ಲಗೆ, ಮೊದಲು ಒಂದು ಗಾಜಿನ ಕೊಳವೆಯ ಬುಡದಲ್ಲಿ, ಆಮೇಲೆ ಪಕ್ಕದ್ದರಲ್ಲಿ, ಬೇಕರಿಯ ಒಲೆಯ ಕಿಂಡಿಗೆ ಕಣ್ಣಿಟ್ಟಾಗ ಕಾಣುವ ಕೆಂಪು ಇದೇ, ಅಷ್ಟು ದೊಡ್ಡ ಬೆಂಕಿಯಿಂದ ಒಂದು ಚಿಟಿಕೆ ತೆಗೆದು ಯಾರೋ ಹೆಬ್ಬೆರಳಿನಷ್ಟು ಗಾಜಿನೊಳಗೆ ಹಾಕಿ ಬಾಯಿ ಮುಚ್ಚಿದ್ದಾರೆ, ಪೆಟ್ಟಿಗೆಯ ಬೆನ್ನಿನ ಜಾಲರಿಯಿಂದ ಬಗ್ಗಿ ನೋಡಬೇಕು, ಬಗ್ಗಿದ್ದೇನೆ, ಸೊಂಟ ಬೇಡ ಅನ್ನುತ್ತಿದೆ, ಅನ್ನಲಿ, ಅದು ವರ್ಷಗಳಿಂದ ಬೇಡ ಅನ್ನುತ್ತಲೇ ಇದೆ — ಟ್ಯೂಬ್ ಆಂಪ್ ಅಂದ್ರೆ ಹೀಗೇ ಅಮ್ಮಾ, ಸ್ವಿಚ್ ಹಾಕಿದ ತಕ್ಷಣ ಮಾತಾಡಲ್ಲ, ಒಳಗೆ ಬಿಸಿ ಆಗ್ಬೇಕು, ಸ್ವಲ್ಪ ಕಾಯ್ಬೇಕು, ಅಂತಾನೆ ಅಂಗಡಿಯವನು, ಕಾಯುವುದನ್ನು ನನಗೆ ಹೇಳಿಕೊಡುತ್ತಾನೆ, ಹಿಟ್ಟು ಉಬ್ಬುವುದನ್ನು ಕಾದು ಕಾದು ಅರ್ಧ ಆಯಸ್ಸು ಕಳೆದವಳಿಗೆ, ಪಾಪ, ಅವನಿಗೇನು ಗೊತ್ತು, ಮಗಳ ಗಿಟಾರಿಗೆ ದನಿ ಕೊಡುವ ಪೆಟ್ಟಿಗೆ ಕೊಳ್ಳಲು ಬಂದ ಈ ಹೆಂಗಸು ಬೆಳಗಿನಿಂದ ಒಲೆಯ ಮುಂದೆ ನಿಂತು ಬ್ರೆಡ್ ತೆಗೆದು ನೇರ ಇಲ್ಲಿಗೆ ಬಂದಿದ್ದಾಳೆ ಅಂತ, ಮೊಣಕೈ ಹತ್ತಿರ ಹಿಟ್ಟಿನ ಪುಡಿ ಇನ್ನೂ ಇದೆ, ಉಜ್ಜಿದರೆ ಹೋಗುತ್ತದೆ, ಉಜ್ಜಬೇಕು ಅನ್ನಿಸುವುದಿಲ್ಲ. ಪೆಟ್ಟಿಗೆಯ ಆ ಕಡೆ ಮಗಳು ಸ್ಟೂಲಿನ ಮೇಲೆ ಕೂತಿದ್ದಾಳೆ, ಇಲ್ಲಿಂದ ಅವಳ ಮುಖ ಕಾಣುವುದಿಲ್ಲ, ಪಾದ ಮಾತ್ರ ಕಾಣುತ್ತದೆ, ಚಪ್ಪಲಿ ಬಿಟ್ಟು ಕೂತಿದ್ದಾಳೆ, ಕಾಲ್ಬೆರಳ ತುದಿ ಮಾತ್ರ ಮರದ ನೆಲದ ಮೇಲೆ, ಹಿಮ್ಮಡಿ ಎರಡೂ ಮೇಲೆ, ಗಾಳಿಯಲ್ಲಿ, ಅವಳು ಯಾವಾಗಲೂ ಹಾಗೆಯೇ.

ಆ ಹಿಮ್ಮಡಿಗಳನ್ನು ಡಾಕ್ಟರಿಗೂ ತೋರಿಸಿದ್ದೆವು, ಚಿಕ್ಕವಳಿದ್ದಾಗ, ಎಲುಬು ಸರಿ, ನರ ಸರಿ, ಎಲ್ಲ ಸರಿ, ಮತ್ತೆ ತುದಿಗಾಲಲ್ಲೇ ಯಾಕೆ ನಡೀತಾಳೆ ಅಂದರೆ ಡಾಕ್ಟರು ನಮ್ಮನ್ನೇ ತಿರುಗಿ ಕೇಳಿದರು, ಮನೇಲಿ ಹಗಲು ಹೊತ್ತು ಯಾರಾದ್ರೂ ಮಲಗಿರ್ತಾರಾ ಅಂತ, ನಾನೂ ಇವರೂ ಮುಖ ಮುಖ ನೋಡಿಕೊಂಡೆವು — ಹೂಂ, ನಾನು ಮಲಗಿರುತ್ತೇನೆ, ಊರು ಬೆಳಿಗ್ಗೆ ಎದ್ದು ಬ್ರೆಡ್ ತಿನ್ನಬೇಕೆಂದರೆ ಯಾರೋ ಒಬ್ಬರು ರಾತ್ರಿ ಹಿಟ್ಟು ನಾದಬೇಕಲ್ಲ, ಆ ಒಬ್ಬರು ಹಗಲು ಮಲಗಬೇಕಲ್ಲ, ನಾನು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಗು ಏಳುತ್ತಿತ್ತು, ಅದರ ಹಣೆಗೊಂದು ಮುತ್ತಿಟ್ಟು ನಾನು ಹಾಸಿಗೆಗೆ, ಅದು ಅತ್ತೆಯ ತೋಳಿಗೆ, ಅಲ್ಲಿಂದ ಸಂಜೆಯವರೆಗೆ ಮನೆ ಅತ್ತೆಯ ಆಳ್ವಿಕೆಯಲ್ಲಿ. ಎಂಥ ಆಳ್ವಿಕೆ, ಕುರ್ಚಿಯ ಕಾಲಿಗೆಲ್ಲ ಹಳೇ ಕಂಬಳಿ ಕತ್ತರಿಸಿ ಅಂಟಿಸಿದರು, ಕರೆಗಂಟೆಯ ವೈರು ಕಿತ್ತರು, ಚಮಚ ಇಡುವಲ್ಲಿ ಬಟ್ಟೆ, ತಟ್ಟೆ ಇಡುವಲ್ಲಿ ಬಟ್ಟೆ, ನಾನು ಮಲಗಿದ್ದೇನೆ ಅಂತ ತಿಳಿಯಲು ಕೋಣೆಯ ಹಿಡಿಕೆಗೆ ಒಂದು ಕೆಂಪು ರಿಬ್ಬನ್, ಅದು ಕಟ್ಟಿದ್ದರೆ ಮನೆಯಲ್ಲಿ ಎಲ್ಲರೂ ಪಿಸುಮಾತು, ಮಗುವಿಗೆ ಹೆಜ್ಜೆ ಕಲಿಸಿದ್ದೂ ಅವರೇ, ಮೆಲ್ಲಗೆ ಕಂದಾ, ಅಮ್ಮ ಮಲಗಿದಾಳೆ, ತುದೀಲಿ ನಡಿ, ತುದೀಲಿ. ಅಳು ಬಂದರೆ ಅದಕ್ಕೂ ವ್ಯವಸ್ಥೆ, ಇವರು ಶಾಲೆಯ ಮಕ್ಕಳನ್ನು ಬಿಡುವ ವ್ಯಾನು ಓಡಿಸುತ್ತಾರಲ್ಲ, ಮಗುವನ್ನು ಅದರಲ್ಲಿ ಕೂರಿಸಿ ಬೀದಿಯ ತಿರುವು ದಾಟಿ ನಿಲ್ಲಿಸಿ, ಈಗ ಅಳಮ್ಮ ರಾಣಿ, ಎಷ್ಟು ಬೇಕೋ ಅಷ್ಟು ಅಳು ಅನ್ನುತ್ತಿದ್ದರಂತೆ, ಅದು ಪೂರ್ತಿ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಆಯ್ತು ಅಪ್ಪ ಮನೆಗೆ ಹೋಗೋಣ ಅನ್ನುತ್ತಿತ್ತಂತೆ, ಇದೆಲ್ಲ ನನಗೆ ಆಮೇಲೆ ಕತೆಯಾಗಿ ಗೊತ್ತಾದದ್ದು, ನಾನು ನಿದ್ದೆಯಲ್ಲಿದ್ದೆ.

ಮಾತು ಬೆಳ್ಳಿ ಮೌನ ಬಂಗಾರ ಅಂತಾರೆ, ಆ ಲೆಕ್ಕದಲ್ಲಿ ನಮ್ಮದು ಚಿನ್ನದ ಗಣಿ, ಒಂದು ಸೀನು ಕೂಡ ಹೊರಗೆ ಬೀಳದ ಮನೆ, ನನ್ನ ಮಗಳು ಸೀನುವುದನ್ನು ನೀವು ನೋಡಬೇಕು — ನೀವು ಅಂದರೆ ಯಾರು, ಇಲ್ಲಿ ಯಾರಿದ್ದಾರೆ, ನನಗೆ ನಾನೇ — ಭುಜ ಒಂದು ಸಲ ಕುಲುಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮುಗಿಯಿತು, ಸದ್ದಿಲ್ಲ. ಇಲಿಮರಿ ಅಂತ ಹೆಸರು ಬಿದ್ದದ್ದು ಅದಕ್ಕೇ, ಮನೆಯಲ್ಲಿ ಈಗಲೂ ಇಲಿಮರಿಯೇ, ಇಷ್ಟೆತ್ತರ ಬೆಳೆದರೂ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಕಲಿತು ಸಂಬಳ ತಂದರೂ ಇಲಿಮರಿ. ಚಮ್ಮಾರ ಅವಳ ಚಪ್ಪಲಿ ತಿರುಗಿಸಿ ನೋಡಿ ನಕ್ಕಿದ್ದ, ಮುಂದೆ ಎಲ್ಲ ಸವೆದು ತೂತಾಗಿದೆ, ಹಿಂದೆ ಅಂಗಡೀಲಿ ಅಂಟಿಸಿದ ಚೀಟಿ ಕೂಡ ಹಾಗೇ ಇದೆಯಲ್ಲಮ್ಮ, ಇವರು ನೆಲದ ಮೇಲೆ ನಡೀತಾರೋ ಇಲ್ಲಾ ನೆಲ ಮುಟ್ಟಿ ಮುಟ್ಟಿ ಹಾರ್ತಾರೋ, ಅಂತ, ನಾನೂ ನಕ್ಕೆ, ದಾರಿಯಲ್ಲಿ ಬರುವಾಗ ನಗು ಎಲ್ಲಿ ಹೋಯಿತೋ. ತಪ್ಪು ಯಾರದ್ದೂ ಅಲ್ಲ, ಅತ್ತೆಯದ್ದಂತೂ ಅಲ್ಲ, ಅಷ್ಟು ಪ್ರೀತಿ ಯಾವ ಸೊಸೆಗೆ ಸಿಕ್ಕಿದೆ, ಒಂದು ಮಧ್ಯಾಹ್ನ ಅವರಿಗೆ ಎದೆನೋವು ಬಂದಾಗಲೂ ಮಗನ ಕೈ ಹಿಡಿದು, ಅವಳು ಮಲಗಿದಾಳೆ, ಎಬ್ಬಿಸ್ಬೇಡ, ಅಂದರಂತೆ, ಅದೇ ಕೊನೆಯ ಮಾತು, ಅದನ್ನೂ ಪಿಸುಗುಟ್ಟಿದರಂತೆ, ಈ ಮಾತು ನೆನಪಾದಾಗಲೆಲ್ಲ ನಾನು ಬೇರೆ ಏನನ್ನಾದರೂ ನೋಡುತ್ತೇನೆ, ಈ ಅಂಗಡಿಯಲ್ಲೂ ಬೇರೆ ಏನಾದರೂ ನೋಡಬೇಕು.

ಏನು ನೋಡಲಿ, ಗೋಡೆ ತುಂಬ ಗಿಟಾರು, ನೆಲದ ತುಂಬ ಪೆಟ್ಟಿಗೆ, ಸಣ್ಣದು ದೊಡ್ಡದು, ಕರೀದು ಕಂದು, ಮುಂಭಾಗಕ್ಕೆಲ್ಲ ಗೋಣಿಯಂಥ ಬಟ್ಟೆ, ಬಂದಾಗಿನಿಂದ ಮೂರು ಪೆಟ್ಟಿಗೆ ತೋರಿಸಿದ್ದಾನೆ ಅಂಗಡಿಯವನು, ಒಳ್ಳೆಯವನು, ಕೂದಲು ಹಿಂದಕ್ಕೆ ಕಟ್ಟಿದ್ದಾನೆ, ಕೈಗೆಟುಕುವ ಬೆಲೆಯದ್ದು, ಮನೆಯಲ್ಲಿ ಅಭ್ಯಾಸ ಮಾಡಲು, ಅಂದದ್ದಕ್ಕೆ ಮೊದಲು ಹಗುರವಾದದ್ದೊಂದನ್ನು ಒಂದೇ ಕೈಯಲ್ಲಿ ಎತ್ತಿ ತಂದ. ಇದರಲ್ಲಿ ಟ್ಯೂಬ್ ಇಲ್ಲ, ಎಲ್ಲ ಚಿಪ್, ನೂರು ಥರ ದನಿ ಬರುತ್ತೆ, ಮುಖ್ಯ ಅಂದ್ರೆ ಇಲ್ಲಿ ನೋಡಿ, ಹೆಡ್‌ಫೋನ್ ಹಾಕೋ ಕಿಂಡಿ, ಚುಚ್ಚಿದ್ರೆ ಸ್ಪೀಕರ್ ಬಂದ್, ನೀವು ಪಕ್ಕದಲ್ಲೇ ಕೂತಿದ್ರೂ ಒಂಚೂರು ಕೇಳ್ಸಲ್ಲ, ಮನೆಯವರೆಲ್ಲ ಇದನ್ನೇ ಇಷ್ಟಪಡ್ತಾರೆ, ಅಂದ, ಮಗಳ ಮುಖ ಅರಳಿತು, ಇದೇ ಸಾಕಮ್ಮ, ನಿನಗೆ ತೊಂದರೇನೇ ಆಗಲ್ಲ, ಅಂದಳು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ, ನಾನು ಆ ಕಿಂಡಿಯನ್ನೇ ನೋಡುತ್ತ ನಿಂತೆ, ಇರುವೆ ಗೂಡಿನ ಬಾಯಿಯಷ್ಟಿದೆ, ಅದರೊಳಗೆ ನನ್ನ ಮಗಳು ಪೂರ್ತಿ ಇಳಿದು ಹೋಗುತ್ತಾಳೆ. ಬೇರೆ ತೋರಿಸಿ ಅಂದೆ. ಎರಡನೆಯದು ಟ್ಯೂಬಿನದ್ದೇ, ಒಂದೇ ವಾಟು, ಪುಟ್ಟ ಸ್ಪೀಕರು, ಬೆನ್ನಲ್ಲಿ ಮತ್ತದೇ ಕಿಂಡಿ, ಇದು ಮನೆಗೆ ಅಂತಲೇ ಮಾಡಿದ್ದು ಅಂದ, ಬೇರೆ ಇದೆಯಾ ಅಂದೆ. ಅವನು ತಲೆ ಕೆರೆದುಕೊಂಡ, ಏನು ಬೇಕು ಅಂತ ಹೇಳಿ ಅಮ್ಮಾ, ಬಂದವರೆಲ್ಲ ಸದ್ದು ಆಗದೇ ಇರೋದು ಕೇಳ್ತಾರೆ, ಅಂದ, ನನಗೆ ಕಿಂಡಿ ಇಲ್ಲದ್ದು ಬೇಕು, ಅಂದೆ, ಮಗಳು ನನ್ನ ತೋಳು ಹಿಡಿದು ಎಳೆದಳು, ಅಮ್ಮ, ಅದು ಇದ್ರೆ ಒಳ್ಳೇದು, ಅದಕ್ಕೇ ಎಲ್ರೂ ತಗೊಳ್ಳೋದು, ನಿನಗೆ ಗೊತ್ತಾಗಲ್ಲ, ಅಂದಳು, ಪಿಸುಮಾತಿನಲ್ಲೇ ಅಂದಳು.

ಗೊತ್ತಾಗದೆ ಏನು, ಒಳ್ಳೆಯದು ಅಂತ ಒಪ್ಪುತ್ತೇನೆ, ರಾತ್ರಿ ದುಡಿದು ಹಗಲು ಮಲಗುವ ನನಗೆ ಮಗಳು ಕೊಂಡ ಗಿಟಾರು ಕೂಡ ಒಳ್ಳೆಯದೇ ಅನ್ನಿಸಿತ್ತು, ಮೊದಲ ಸಂಬಳದಲ್ಲಿ ತಂದದ್ದು, ನೀಲಿ ಬಣ್ಣ, ಹಳೆಯದು, ಅಂಚಲ್ಲಿ ಚಕ್ಕೆ ಎದ್ದಿದೆ, ಎಲೆಕ್ಟ್ರಿಕ್ ಯಾಕೆ ತಗೊಂಡೆ ಅಂತ ಇವರು ಕೇಳಿದ್ದಕ್ಕೆ, ವೈರ್ ಹಾಕದಿದ್ರೆ ಇದು ಸದ್ದೇ ಮಾಡಲ್ಲ ಅಪ್ಪ, ಅಮ್ಮ ಮಲಗಿದ್ರೂ ಬಾರಿಸ್ಬಹುದು, ಅಂದಿದ್ದಳು, ಆ ಮಾತನ್ನು ನಾನು ಬೇಕರಿಯಲ್ಲಿ ಎಲ್ಲರಿಗೂ ಹೇಳಿ ಮೆರೆದಿದ್ದೆ, ನೋಡಿ, ನನ್ನ ನಿದ್ದೆಗೆ ಹೊಂದುವ ವಾದ್ಯ ಹುಡುಕಿ ತಂದ ಮಗಳು, ಯಾರ ಮನೆಯಲ್ಲಿದೆ ಇಂಥದ್ದು ಅಂತ. ಆಮೇಲೆ ಈ ವರ್ಷ ನನಗೆ ಹಗಲು ಪಾಳಿ ಕೊಟ್ಟರು, ಎಲ್ಲರ ಹಾಗೆ ಬೆಳಿಗ್ಗೆ ಹೋಗು, ಮಧ್ಯಾಹ್ನ ಬಾ, ಸಂಜೆ ಮನೆಯಲ್ಲಿ ಎಚ್ಚರವಾಗಿ ಕೂತಿರು, ಜೀವನದಲ್ಲಿ ಮೊದಲ ಬಾರಿ ನನ್ನ ಮನೆಯ ಸಂಜೆ ಹೇಗಿರುತ್ತದೆ ಅಂತ ನೋಡಿದೆ, ಹೇಗೂ ಇರುವುದಿಲ್ಲ, ಇವರು ದಿನಪತ್ರಿಕೆಯ ಹಾಳೆ ತಿರುಗಿಸುವುದು ಕೂಡ ಎರಡು ಬೆರಳಲ್ಲಿ ಎತ್ತಿ, ಕುರ್ಚಿ ಜರುಗಿದರೆ ಕೇಳುವುದಿಲ್ಲ, ಬಾಗಿಲು ಹಾಕಿದರೆ ಕೇಳುವುದಿಲ್ಲ, ನಾನು ಎದ್ದಿದ್ದೇನೆ ಅಂತ ಮನೆಗೆ ಇನ್ನೂ ಗೊತ್ತೇ ಆಗಿಲ್ಲ, ಹಿಡಿಕೆಯಲ್ಲಿ ರಿಬ್ಬನ್ ಹಾಗೇ ಇದೆ, ಬಣ್ಣ ಮಾಸಿದೆ, ಬಿಚ್ಚಲು ನನ್ನ ಕೈಯೂ ಹೋಗಿಲ್ಲ, ಅತ್ತೆ ಕಟ್ಟಿದ ಗಂಟು. ಆ ನಿಶ್ಶಬ್ದದಲ್ಲಿ ಮಗಳ ಕೋಣೆಯಿಂದ ಟಿಕ್ ಟಿಕ್ ಟಿಕ್, ವೈರು ಹಾಕದ ತಂತಿಗೆ ಪ್ಲಾಸ್ಟಿಕ್ ಚೂರು ತಾಗುವ ಸದ್ದು, ಗುಬ್ಬಿ ಕಿಟಕಿ ಗಾಜು ಕುಕ್ಕಿದ ಹಾಗೆ, ಅಷ್ಟೇ, ಅವಳ ಸಂಗೀತದಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟೇ.

ಒಂದು ಸಂಜೆ ತಡೆಯಲಾಗದೆ ಬಾಗಿಲು ತಳ್ಳಿದೆ, ಕೈಯಲ್ಲಿ ಸೌಟು, ಸೊಂಟದಲ್ಲಿ ಒದ್ದೆ ಬಟ್ಟೆ, ಅವಳು ಬೆಚ್ಚಿ ತಂತಿಯ ಮೇಲೆ ಅಂಗೈ ಒತ್ತಿ, ಎಬ್ಬಿಸಿಬಿಟ್ನಾ ಅಮ್ಮ, ಅಂದಳು. ಸೌಟು ಹಿಡಿದು ನಿಂತವಳನ್ನು ಕೇಳುತ್ತಾಳೆ, ಎಬ್ಬಿಸಿಬಿಟ್ನಾ ಅಂತ. ಇಲ್ಲಮ್ಮ, ಊಟಕ್ಕೆ ಬಾ, ಅಂದು ತಿರುಗಿದೆ, ನೀನು ಏನು ಬಾರಿಸ್ತೀಯೋ ನನಗೂ ಸ್ವಲ್ಪ ಕೇಳ್ಸು ಅನ್ನಬೇಕಿತ್ತು, ಆ ಒಂದು ವಾಕ್ಯ ಅಡುಗೆಮನೆಯವರೆಗೆ ಬಾಯಲ್ಲೇ ಇತ್ತು, ಉಗುಳಲೂ ಇಲ್ಲ ನುಂಗಲೂ ಇಲ್ಲ, ಪಿಸುಮಾತಿನ ಮನೆಯಲ್ಲಿ ದೊಡ್ಡ ಮಾತಿಗೆ ಜಾಗ ಇರುವುದಿಲ್ಲ ನೋಡಿ. ಆಮೇಲೆ ಕಳೆದ ಶನಿವಾರದ ಸಂಗತಿ, ಅವಳ ಜೊತೆಗೆ ಕೆಲಸ ಮಾಡುವ ಇಬ್ಬರು ಹುಡುಗಿಯರು, ಒಬ್ಬಳು ಡ್ರಮ್ಮು, ಇನ್ನೊಬ್ಬಳು ಹಾಡು, ನೀನೂ ಬಾ, ಮೂವರೂ ಸೇರಿ ನುಡಿಸೋಣ ಅಂತ ಕರೆದರಂತೆ, ಇವಳು ತುದಿಗಾಲಲ್ಲೇ ಕುಣಿಯುತ್ತ ಹೋದಳು, ಕತ್ತಲಾಗುವ ಮೊದಲೇ ವಾಪಸು ಬಂದಳು, ಗಿಟಾರನ್ನು ಹಾಸಿಗೆಯ ಕೆಳಗೆ ತಳ್ಳಿದಳು. ಅಲ್ಲಿನ ಆಂಪ್‌ನಲ್ಲಿ ಗುಂಡಿ ತಿರುಗಿಸಿ ಸೊನ್ನೆಯಿಂದ ಸ್ವಲ್ಪ ಮೇಲೆ ಇಟ್ಟಳಂತೆ, ಜೋರು ಮಾಡು ಅಂದರೆ ಕೈ ಬರಲಿಲ್ಲವಂತೆ, ಕೊನೆಗೆ ಡ್ರಮ್ಮಿನ ಹುಡುಗಿ ನಿಲ್ಲಿಸಿ, ನೀನು ಬಾರಿಸ್ತಿದ್ದೀಯಾ ಇಲ್ವಾ, ಅಂತ ಕೇಳಿದಳಂತೆ, ಬೈದದ್ದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದು. ನನಗೆ ಆಗಲ್ಲ ಅಮ್ಮ, ನಾನಿರೋದೇ ಹೀಗೆ, ಇದನ್ನ ಮಾರಿಬಿಡ್ತೀನಿ, ಅಂದಳು, ಅಳಲಿಲ್ಲ, ಅಳುವುದಕ್ಕೆ ಈಗ ವ್ಯಾನಿನಲ್ಲಿ ಕೂರುವ ವಯಸ್ಸೂ ಅಲ್ಲ. ಬರುವ ಭಾನುವಾರ ಇನ್ನೊಂದು ಸಲ ಬಾ ಅಂದಿದ್ದಾರಂತೆ, ನೋಡ್ತೀನಿ ಅಂದಿದ್ದಾಳಂತೆ, ನಮ್ಮ ಮನೆಯಲ್ಲಿ ನೋಡ್ತೀನಿ ಅಂದರೆ ಇಲ್ಲ ಅಂತ ಅರ್ಥ.

ಕುದುರೆ ಮಾರಲು ಹೊರಟವಳಿಗೆ ಜೀನು ಕೊಡಿಸುತ್ತೇನೆ ಅಂತ ಹಠ ಹಿಡಿದ ತಾಯಿ ನಾನು, ಹುಟ್ಟುಹಬ್ಬಕ್ಕೆ ಆಂಪ್ ಕೊಡಿಸ್ತೀನಿ, ಇಲ್ಲ ಅನ್ನಬೇಡ, ಅಂದೆ, ಅದು ಕಳೆದು ಎಷ್ಟೋ ತಿಂಗಳಾಗಿದೆ ಅಂತ ಅವಳು ನಕ್ಕಳು, ಮುಂದಿನದಕ್ಕೆ ಅಂದೆ. ಕೆಳಗಿನ ಮನೆಯ ಟೀಚರಮ್ಮನ ಹತ್ತಿರ ಇವರನ್ನು ಕಳಿಸಿ ಕೇಳಿಸಿದ್ದೂ ಆಯಿತು, ಸಂಜೆ ಹೊತ್ತು ಸ್ವಲ್ಪ ಸದ್ದು ಆಗಬಹುದು, ಪರವಾಗಿಲ್ವಾ ಅಂತ, ಆಕೆ ಬಾಗಿಲಲ್ಲಿ ನಿಂತು ಇವರನ್ನು ಮೇಲಿಂದ ಕೆಳಗೆ ನೋಡಿ, ಮೇಲಿನ ಮನೇಲಿ ನೀವು ಇದ್ದೀರಾ, ನಾನು ಇಷ್ಟು ವರ್ಷ ಅದು ಖಾಲಿ ಇರ್ಬೇಕು, ಅವಾಗವಾಗ ಯಾರೋ ಬಂದು ಗುಡಿಸಿ ಹೋಗ್ತಾರೆ ಅಂದ್ಕೊಂಡಿದ್ದೆ, ಅಂದರಂತೆ, ಸದ್ದು ಮಾಡ್ರಪ್ಪ, ಜೊತೆ ಆಗುತ್ತೆ, ಅಂದರಂತೆ, ಇವರು ಮೆಟ್ಟಿಲು ಹತ್ತಿ ಬಂದು ಇದನ್ನು ಹೇಳುತ್ತ ಹೇಳುತ್ತ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಾಗದ ಹಾಗೆ.

ಅಂಗಡಿಯವನು ಮೂರನೆಯದನ್ನು ಎರಡೂ ಕೈಯಲ್ಲಿ ತಬ್ಬಿ ತಂದಿದ್ದ, ಹಳೆಯದು, ಯಾರೋ ಬಳಸಿ ಬಿಟ್ಟದ್ದು, ಅದಕ್ಕೇ ಹೊಸ ಪುಟ್ಟದರಷ್ಟೇ ಬೆಲೆ, ಐದು ವಾಟು, ಹತ್ತು ಇಂಚಿನ ಸ್ಪೀಕರು, ಗುಂಡಿ ಎರಡೇ, ಒಂದು ಸದ್ದಿಗೆ, ಒಂದು ದನಿಯ ಬಣ್ಣಕ್ಕೆ, ಬೆನ್ನಲ್ಲಿ ಯಾವ ಕಿಂಡಿಯೂ ಇಲ್ಲ, ಐದು ವಾಟಾ, ನಮ್ಮ ಮನೆಯ ರಾತ್ರಿ ದೀಪವೇ ಅದಕ್ಕಿಂತ ಹೆಚ್ಚಲ್ಲವಾ ಅಂದೆ, ಅವನು ನಕ್ಕ. ಎಲ್ರೂ ಇದೇ ತಪ್ಪು ಮಾಡೋದು ಅಮ್ಮಾ, ಟ್ಯೂಬಿನ ಐದು ವಾಟು ಮನೆಗೆ ಧಾರಾಳ, ಪೂರ್ತಿ ತಿರುಗಿಸಿದ್ರೆ ಬೀದೀಗೆ ಕೇಳುತ್ತೆ, ಮೂರ್ತಿ ಚಿಕ್ಕದು ಕೀರ್ತಿ ದೊಡ್ಡದು, ಐವತ್ತು ವಾಟಿನದ್ದು ಇದರ ಹತ್ತರಷ್ಟು ಅಂದ್ಕೊಂಡ್ರಾ, ಕಿವಿಗೆ ಎರಡರಷ್ಟೇ, ಇನ್ನೊಂದು ಹೇಳ್ತೀನಿ, ತೀರಾ ಸಣ್ಣಗೆ ಇಟ್ರೆ ಇದು ಬರೀ ಮುಲುಕುತ್ತೆ, ಟ್ಯೂಬಿಗೆ ಸ್ವಲ್ಪ ಕೆಲಸ ಕೊಡ್ಬೇಕು, ಆಗ್ಲೇ ಅದು ಹಾಡೋದು. ಅದನ್ನು ಕೇಳಿ ನಾನು ನನಗೆ ಗೊತ್ತಿರುವ ಪರೀಕ್ಷೆ ಮಾಡಿದೆ, ಮೂರು ಪೆಟ್ಟಿಗೆಯನ್ನೂ ಒಂದೊಂದಾಗಿ ಮೆಲ್ಲಗೆ ಓರೆ ಮಾಡಿ ಬುಡಕ್ಕೆ ಗೆಣ್ಣಿನಿಂದ ಬಡಿದೆ, ಒಲೆಯಿಂದ ತೆಗೆದ ಬ್ರೆಡ್ಡಿನ ತಳಕ್ಕೆ ಬಡಿಯುವ ಹಾಗೆ, ಒಳಗೆ ಹಸಿ ಇದ್ದರೆ ದನಿ ಮುದ್ದೆಯಾಗಿ ಬರುತ್ತದೆ, ಬೆಂದಿದ್ದರೆ ಟೊಳ್ಳಾಗಿ, ತುಂಬಿಕೊಂಡು, ಮೊದಲಿನ ಹಗುರ ಪೆಟ್ಟಿಗೆ ಹಸಿ ಹಿಟ್ಟು, ಎರಡನೆಯದು ಅರೆಬೆಂದದ್ದು, ಇದು ಬೆಂದಿತ್ತು, ಹಾಗೆ ಬಡಿದು ಏನೂ ಗೊತ್ತಾಗಲ್ಲ ಅಮ್ಮಾ, ಮರ ಒಳ್ಳೇದು ಅಂತ ಬೇಕಾದ್ರೆ ಗೊತ್ತಾಗುತ್ತೆ, ಅಷ್ಟೇ, ಅಂದ ಅವನು, ಇರಬಹುದು, ನನಗೆ ಅಷ್ಟು ಸಾಕಿತ್ತು, ಮಗಳು ಮಾತ್ರ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅಮ್ಮ ಅಂಗಡಿಯಲ್ಲಿ ಪೆಟ್ಟಿಗೆಗಳ ಬಾಗಿಲು ತಟ್ಟುತ್ತಿದ್ದಾಳೆ, ಒಳಗೆ ಯಾರಿದ್ದೀರಿ ಅಂತ.

ಈಗ ಕೆಂಪು ನಿಂತಿದೆ, ಬಿಸಿ ಏರಿದೆ, ಜಾಲರಿಯಿಂದ ಧೂಳು ಕಾದ ವಾಸನೆ, ಪೆಟ್ಟಿಗೆ ಮೆಲ್ಲಗೆ ಹೂಂ ಅನ್ನುತ್ತಿದೆ, ಕತೆ ಕೇಳುವ ಮಗು ಹೂಂಗುಟ್ಟುವ ಹಾಗೆ, ಬಾರಿಸಿ ನೋಡಿ, ಆತುರ ಇಲ್ಲ, ಅಂತ ಅವನು ಮುಂದಿನ ಕೋಣೆಗೆ ಹೋದ, ಬಾಗಿಲು ಎಳೆದುಕೊಂಡ, ನಾವಿಬ್ಬರೇ, ನಾನು ಎದ್ದು ಗೋಡೆಯ ಪಕ್ಕದ ಹಳೇ ಸೋಫಾದಲ್ಲಿ ಕೂರುತ್ತೇನೆ, ಕೂತರೆ ಮೊಣಕಾಲವರೆಗೂ ಒಳಗಿಳಿಸಿಕೊಳ್ಳುವ ಸೋಫಾ, ಮಗಳು ಅಂಗಡಿಯವನು ಗೋಡೆಯಿಂದ ಇಳಿಸಿಕೊಟ್ಟ ಗಿಟಾರನ್ನು ತೊಡೆಯ ಮೇಲಿಟ್ಟು ಗುಂಡಿ ತಿರುಗಿಸುತ್ತಾಳೆ, ಸೊನ್ನೆಯಿಂದ ಒಂದು ಕೂದಲೆಳೆ ಮೇಲೆ, ಇನ್ನೂ ಸ್ವಲ್ಪ ಅನ್ನುತ್ತೇನೆ, ಇನ್ನೊಂದು ಎಳೆ, ಇನ್ನೂ, ಅಮ್ಮ ಸಾಕು, ಇನ್ನೂ. ಒಂದು ತಂತಿ ಮೀಟಿದಳು. ಓ. ಇದಾ. ಟಿಕ್ ಟಿಕ್ ಗುಬ್ಬಿ ಎಲ್ಲಿ ಹೋಯಿತು, ಇದು ಬೇರೆ ಯಾವುದೋ ಪ್ರಾಣಿ, ದುಂಡಗೆ, ಬೆಚ್ಚಗೆ, ಎದ್ದು ನಿಂತು, ನಿಂತಲ್ಲೇ ಸ್ವಲ್ಪ ಅಲುಗಿ, ನನ್ನ ಪಕ್ಕೆಲುಬಿನವರೆಗೆ ಬಂದು ಮುಟ್ಟಿ ಹೋಯಿತು, ಮತ್ತೊಂದು, ಮತ್ತೊಂದು, ಒಂದರ ಹಿಂದೊಂದು ಪೋಣಿಸಿ ಬಾರಿಸುತ್ತಿದ್ದಾಳೆ, ಇವಳಿಗೆ ಇಷ್ಟು ಬರುತ್ತದಾ, ಯಾವಾಗ ಕಲಿತಳು, ನಾನು ಪಕ್ಕದ ಕೋಣೆಯಲ್ಲೇ ಇದ್ದೆನಲ್ಲ, ಅಷ್ಟು ವರ್ಷ, ಗೋಡೆಯ ಆಚೆ, ದಿಂಬಿನಲ್ಲಿ ಮುಖ ಹುದುಗಿಸಿ, ಅವಳು ಮೊದಲ ಮಾತಾಡಿದ್ದು, ಮೊದಲ ಹಲ್ಲು ಬಿದ್ದು ನಕ್ಕದ್ದು, ಎಲ್ಲ ಗೋಡೆಯ ಆಚೆಯೇ ಆಯಿತು, ಇದೊಂದಾದರೂ ಈಚೆ — ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ರೆಪ್ಪೆಯ ಒಳಗೆ ಒಲೆಯ ಕೆಂಪು, ದನಿ ಇನ್ನೂ ಹತ್ತಿರ ಬರುತ್ತದೆ, ಇನ್ನೂ ಹತ್ತಿರ, ಅಷ್ಟರಲ್ಲಿ ನಿಂತಿತು.

ಯಾಕೆ ನಿಂತಿತು, ಕಣ್ಣು ತೆರೆದರೆ ಅವಳ ಅಂಗೈ ತಂತಿಗಳ ಮೇಲೆ, ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದಿದೆ, ಮುಖದಲ್ಲಿ ಏನೂ ಇಲ್ಲ, ಹೆದರಿಕೆಯೂ ಇಲ್ಲ, ಸುಮ್ಮನೆ ನಿಲ್ಲಿಸಿದ್ದಾಳೆ, ಬಾರಿಸು ಮಗಳೇ ಅನ್ನುತ್ತೇನೆ, ಬಾರಿಸುತ್ತಾಳೆ, ಮತ್ತೆ ಆ ದುಂಡಗಿನ ದನಿ, ಮತ್ತೆ ನನ್ನ ಕಣ್ಣು ಮುಚ್ಚುತ್ತದೆ, ಮತ್ತೆ ಸದ್ದು ಕತ್ತರಿಸಿದ ಹಾಗೆ ಬಂದ್, ತೆರೆದರೆ ಅಂಗೈ, ಅದೇ ಅಂಗೈ, ಅವಳು ತನ್ನ ಕೈಯನ್ನು ನೋಡುತ್ತಿದ್ದಾಳೆ, ಅದು ತನ್ನದಲ್ಲ ಅನ್ನುವ ಹಾಗೆ. ಆಗ ತಿಳಿಯಿತು, ಅವಳು ನಿಲ್ಲಿಸುತ್ತಿಲ್ಲ, ನನ್ನ ರೆಪ್ಪೆ ನಿಲ್ಲಿಸುತ್ತಿದೆ, ಅಮ್ಮನ ಕಣ್ಣು ಮುಚ್ಚಿತು ಅಂದರೆ ಕೈ ತಾನಾಗಿ ಹೋಗಿ ಸದ್ದಿನ ಮೇಲೆ ಕೂರುತ್ತದೆ, ತೊಟ್ಟಿಲಿನಿಂದ ಕಲಿತದ್ದು, ಗಿಡವಾಗಿ ಬಗ್ಗಿದ್ದು ಮರವಾಗಿ ನೆಟ್ಟಗಾದೀತೇ, ಹೇ ದೇವರೇ, ಇಷ್ಟು ಪ್ರೀತಿಯನ್ನು ಯಾರು ಯಾರಿಗೆ ಕಲಿಸಿದರು, ಇದನ್ನು ಬಿಚ್ಚುವುದು ಹೇಗೆ, ಅತ್ತೆಯ ಗಂಟಿನ ಹಾಗೆ ಎಷ್ಟು ಬಿಗಿ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುತ್ತಾರಲ್ಲ, ಇಲ್ಲಿ ಬೆಕ್ಕು ನಾನೇ, ನನ್ನ ಕೊರಳಿಗೆ ನಾನೇ ಕಟ್ಟಿಕೊಳ್ಳಬೇಕು. ಸೊಗಸಾಗಿದೆ ಅಮ್ಮ, ಆದ್ರೂ ಹೆಡ್‌ಫೋನಿಂದೇ ತಗೊಳ್ಳೋಣ, ನೋಡು, ನಿನಗೆ ನಿದ್ದೆ ಬರ್ತಿದೆ, ಬೆಳಿಗ್ಗೆಯಿಂದ ದುಡಿದು ಬಂದಿದ್ದೀಯ, ಅನ್ನುತ್ತಾಳೆ, ಎದ್ದು ಸ್ವಿಚ್ಚಿನ ಕಡೆ ಕೈ ಚಾಚುತ್ತಾಳೆ, ಆ ಕೆಂಪು ಆರಿಬಿಟ್ಟರೆ ಆಯಿತು, ಭಾನುವಾರವೂ ಇಲ್ಲ, ಯಾವ ವಾರವೂ ಇಲ್ಲ, ಹಾಸಿಗೆಯ ಕೆಳಗಿನಿಂದ ಯಾರದೋ ಮನೆಗೆ ಹೋಗುತ್ತದೆ ಆ ನೀಲಿ ಗಿಟಾರು.

ಆರಿಸ್ಬೇಡ, ಅಂದೆ, ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಇಬ್ಬರೂ ಬೆಚ್ಚಿದೆವು, ಗೋಡೆಯ ಗಿಟಾರುಗಳ ತಂತಿಗಳು ಕೂಡ ಝುಂ ಅಂದವು, ಮುಂದಿನ ಕೋಣೆಯಲ್ಲಿ ಅಂಗಡಿಯವನ ಕೆಮ್ಮು ನಿಂತಿತು, ಬಾಯಲ್ಲಿ ಉಳಿದಿದ್ದ ಆ ವಾಕ್ಯ, ಸೌಟು ಹಿಡಿದು ನಿಂತ ದಿನದ್ದು, ಈಗ ಹೊರಗೆ ಬಂತು, ನಾನು ಕಣ್ಣು ಮುಚ್ಚಿದ್ದು ನಿದ್ದೆಗಲ್ಲ ಮಗಳೇ, ಕೇಳೋದಕ್ಕೆ, ನೀನು ಹುಟ್ಟಿದಾಗಿಂದ ನಾನು ನಿನ್ನ ಸರಿಯಾಗಿ ಕೇಳೇ ಇಲ್ಲ, ಅಜ್ಜಿ ಅಪ್ಪ ನೀನು ಎಲ್ಲ ಸೇರಿ ನನ್ನ ಮಲಗ್ಸಿದ್ದೀರಿ, ಚೆನ್ನಾಗಿ ಮಲಗಿದೀನಿ, ನಿದ್ದೆ ಸಾಕಾಗಿದೆ, ಈಗ ನನ್ನ ಎಬ್ಬಿಸು. ಅವಳು ಕೈ ಚಾಚಿದಲ್ಲೇ ನಿಂತಿದ್ದಾಳೆ, ತುಟಿ ಒಂದು ಕಡೆ ಎಳೆಯುತ್ತದೆ, ಅಳುತ್ತಾಳಾ, ಅಳಲಿ, ಇಲ್ಲ, ಸೀನು ಬರುವಾಗಿನ ಹಾಗೆ ಭುಜ ಒಂದು ಸಲ ಕುಲುಕಿತು, ಕಣ್ಣಲ್ಲಿ ನೀರು, ಮುಂಗೈಯಲ್ಲಿ ಒರೆಸಿಕೊಂಡಳು, ನೀನು ಕಣ್ಣು ಮುಚ್ಚಿದ್ರೆ ನನಗೆ ಆಗಲ್ಲ ಅಮ್ಮ, ಕೈ ಅದೇ ಹೋಗುತ್ತೆ, ಅಂದಳು, ಗೊತ್ತು, ಅಂದೆ, ಅದಕ್ಕೇ ಈಗ ಮುಚ್ತೀನಿ, ಮುಚ್ಚಿ ಕೂತಿರ್ತೀನಿ, ನೀನು ನಿಲ್ಲಿಸಿದ್ರೂ ತೆಗೆಯಲ್ಲ, ಎಷ್ಟು ಹೊತ್ತಾದ್ರೂ, ಕಾಯೋದು ನನಗೆ ಬರುತ್ತೆ.

ಮುಚ್ಚಿದ್ದೇನೆ. ರೆಪ್ಪೆಯ ಹಿಂದೆ ಕೆಂಪು, ಒಲೆಯದ್ದೋ ಟ್ಯೂಬಿನದ್ದೋ, ಪೆಟ್ಟಿಗೆ ಹೂಂ ಅನ್ನುತ್ತಿದೆ, ಅವಳು ಸ್ಟೂಲಿಗೆ ಮರಳಿದ ಸದ್ದು ಕೇಳಲಿಲ್ಲ, ಅದು ಕೇಳುವುದಿಲ್ಲ, ಕೂತಳೋ ನಿಂತಳೋ, ಒಂದು ತಂತಿ, ಬಂದ್, ಅಂಗೈ ಬಂತು ಅಂತ ಗೊತ್ತಾಯಿತು, ತೆಗೆಯುವುದಿಲ್ಲ ಕಣ್ಣು, ಬರಲಿ ಅಂಗೈ, ಹಿಟ್ಟು ಕೂಡ ಮೊದಲ ಸಲ ಉಬ್ಬಿ ಕುಸಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ, ಎರಡು ತಂತಿ, ಬಂದ್, ಮೂರು, ನಾಲ್ಕು, ಬಂದ್, ಹೊರಗೆ ಯಾವುದೋ ಬಸ್ಸು, ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಕಿವಿಕೊಟ್ಟ ಅಂಗಡಿಯವನ ಉಸಿರು, ಮತ್ತೆ ಒಂದು ತಂತಿ, ಇನ್ನೊಂದು, ಬಂದ್ ಆಗಲಿಲ್ಲ, ಇನ್ನೊಂದು, ಗುಂಡಿ ಕಿರ್ ಅಂದಿತು, ಅವಳೇ ತಿರುಗಿಸಿದಳಾ, ನಾನು ಹೇಳಲಿಲ್ಲ, ದನಿ ಅಗಲವಾಯಿತು, ಅಂಚಿನಲ್ಲಿ ಸ್ವಲ್ಪ ಸೀಳಿತು, ಬ್ರೆಡ್ಡಿನ ಮೇಲ್ಮೈ ಒಲೆಯಲ್ಲಿ ಬಿರಿಯುವ ಹಾಗೆ, ಅವನು ಹೇಳಿದ್ದು ಇದೇ, ಕೆಲಸ ಕೊಟ್ಟರೆ ಹಾಡುತ್ತದೆ, ಹಾಡುತ್ತಿದೆ, ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ, ಬೀದಿಯ ತಿರುವಲ್ಲಿ ನಿಂತ ವ್ಯಾನಿನೊಳಗೆ ಒಂದು ಮಗು ಬಾಯಿ ತೆರೆದು, ಎಷ್ಟು ಬೇಕೋ ಅಷ್ಟು, ಅತ್ತೇ, ನಿಮ್ಮ ಕಂದ, ಕೇಳ್ತಿದೆಯಾ, ನಾನು ಎದ್ದಿದ್ದೇನೆ ಅತ್ತೇ, ಎದ್ದಿದ್ದೇನೆ, ನನ್ನ ಕೆನ್ನೆ ಒದ್ದೆ, ಒರೆಸಿಕೊಂಡರೆ ಅವಳು ನೋಡಿ ನಿಲ್ಲಿಸಿಯಾಳು, ಒರೆಸುವುದಿಲ್ಲ, ಕಣ್ಣು ತೆಗೆಯುವುದಿಲ್ಲ, ಆ ದನಿಯ ಕೆಳಗೆ ಇನ್ನೊಂದು ಸದ್ದು, ಏನದು, ಮೊದಲು ಇರಲಿಲ್ಲ, ಪೆಟ್ಟಿಗೆಯದ್ದಲ್ಲ, ತಂತಿಯದ್ದಲ್ಲ, ನೆಲದಿಂದ ಬರುತ್ತಿದೆ, ಮರದ ಹಲಗೆಯ ಮೂಲಕ ನನ್ನ ಅಂಗಾಲಿಗೆ ಬರುತ್ತಿದೆ, ಒಮ್ಮೆ, ತಡೆದು ಇನ್ನೊಮ್ಮೆ, ಈಗ ತಾಳಕ್ಕೆ ಸರಿಯಾಗಿ, ಬರಿಗಾಲಿನ, ಧಪ್, ಹಿಮ್ಮಡಿ, ಧಪ್, ಅವಳ ಹಿಮ್ಮಡಿ, ನೆಲಕ್ಕೆ, ಧಪ್